ಮದುವೆ ಆಲ್ಬಂ ಚೆನ್ನಾಗಿ ಬರುವುದು ಎಲ್ಲಿ, ಕೆಡುವುದು ಎಲ್ಲಿ?

ಆಲ್ಬಂ ಮಾತಾಡಲು ಸ್ಟುಡಿಯೋಗೆ ಹೋದರೆ ಮೊದಲು ಮುಂದಿಡುವುದು ಸ್ಯಾಂಪಲ್ ಪೆಟ್ಟಿಗೆಗಳನ್ನು. ಅಕ್ರಿಲಿಕ್ ಮುಖಪುಟ, ಲೆದರ್ ಹೊದಿಕೆ, ವೆಲ್ವೆಟ್ ಹಾಸಿದ ಬಾಕ್ಸ್, ಜೊತೆಗೊಂದು ಬ್ಯಾಗ್. ನೋಡಲು ಚೆಂದವೇ. ದರದ ಮಾತೂ ಅದರ ಸುತ್ತಲೇ ಓಡಾಡುತ್ತದೆ. ಆದರೆ ಹತ್ತು ವರ್ಷ ಕಳೆದ ಮೇಲೆ ಆಲ್ಬಂ ತೆಗೆದು ಕೂತಾಗ ಯಾರೂ ಪೆಟ್ಟಿಗೆಯನ್ನು ನೋಡುವುದಿಲ್ಲ. ಅಜ್ಜಿಯ ಮುಖ ಎಲ್ಲಿದೆ, ತಾಳಿ ಕಟ್ಟಿದ್ದು ಸರಿಯಾಗಿ ಬಂದಿದೆಯಾ, ಸೀರೆಗೆ ಅದರದ್ದೇ ಬಣ್ಣ ಇದೆಯಾ ಎಂದು ನೋಡುತ್ತಾರೆ. ಇವೆಲ್ಲ ತೀರ್ಮಾನವಾಗುವುದು ಫೋಟೋ ಆರಿಸುವಾಗ, ಶೀಟ್ ಜೋಡಿಸುವಾಗ, ಕಾಗದ ಗೊತ್ತುಮಾಡುವಾಗ. ಬಾಕ್ಸಿಗೆ ಹಾಕುವ ದುಡ್ಡನ್ನು ಕಾಗದಕ್ಕೆ ಹಾಕಿ, ಮುಖಪುಟ ಆರಿಸಲು ಕೊಡುವ ಸಮಯವನ್ನು ಫೋಟೋ ಆರಿಸಲು ಕೊಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಅಳತೆಯ ಲೆಕ್ಕ

ನಮ್ಮ ಕಡೆ ತುಂಬಾ ನಡೆಯುವ ಅಳತೆ 12×36. ಆಲ್ಬಂ ಬಿಚ್ಚಿಟ್ಟರೆ 36 ಇಂಚು ಅಗಲ, 12 ಇಂಚು ಎತ್ತರ. ಮುಚ್ಚಿದರೆ 12×18. ಬಿಚ್ಚಿದಾಗ ಕಾಣುವ ಎಡ, ಬಲ ಎರಡೂ ಪುಟ ಸೇರಿ ಒಂದು ಶೀಟ್. 40 ಶೀಟಿನ ಆಲ್ಬಂ ಅಂದರೆ 80 ಪುಟ. ಕೆಲವರು ಶೀಟಿನ ಲೆಕ್ಕದಲ್ಲಿ ದರ ಹೇಳುತ್ತಾರೆ, ಕೆಲವರು ಪುಟದ ಲೆಕ್ಕದಲ್ಲಿ. ಎರಡಕ್ಕೂ ದುಪ್ಪಟ್ಟು ವ್ಯತ್ಯಾಸ. ಇದನ್ನು ಮುಂಚೆಯೇ ಬಿಡಿಸಿ ಕೇಳಿ, ಬರೆಸಿಕೊಳ್ಳಿ.

ಇನ್ನು ಪಿಕ್ಸೆಲ್, ಅಂದರೆ ಫೋಟೋ ಕಟ್ಟಿರುವ ಚಿಕ್ಕ ಚಿಕ್ಕ ಚುಕ್ಕೆಗಳು. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಎಂಬುದು ಸಾಮಾನ್ಯ ಲೆಕ್ಕ. 18×12 ಇಂಚಿನ ಒಂದು ಪುಟಕ್ಕೆ 5400×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ 6000×4000 ಇರುತ್ತದೆ. ಸಾಕಾಗಿ ಮಿಗುತ್ತದೆ. ಇನ್ನೂ ಒಂದು ಅನುಕೂಲ ಇದೆ. ಕ್ಯಾಮೆರಾದ ಚೌಕಟ್ಟು 3ಕ್ಕೆ 2, ಪುಟವೂ 3ಕ್ಕೆ 2. ಅಡ್ಡ ತೆಗೆದ ಫೋಟೋ ಒಂದು ಪುಟಕ್ಕೆ ಏನೂ ಕತ್ತರಿಸದೆ ಕೂರುತ್ತದೆ.

ತೊಂದರೆ ಶುರುವಾಗುವುದು ಒಂದೇ ಫೋಟೋವನ್ನು ಇಡೀ ಶೀಟಿಗೆ ಹರಡಿದಾಗ. ಶೀಟ್ 3ಕ್ಕೆ 1. ಆರು ಸಾವಿರ ಪಿಕ್ಸೆಲ್ ಅಗಲ ಪೂರ್ತಿ ಇಟ್ಟುಕೊಂಡರೆ ಎತ್ತರದಲ್ಲಿ ಎರಡು ಸಾವಿರ ಮಾತ್ರ ಉಳಿಯುತ್ತದೆ. ಅಂದರೆ ಫೋಟೋದ ಸರಿಯಾಗಿ ಅರ್ಧ ಹೋಯಿತು. ತಲೆಯಿಂದ ಕಾಲವರೆಗೆ ನಿಂತ ಜೋಡಿಯನ್ನು ಹೀಗೆ ಹರಡಿದರೆ ಕಾಲಾದರೂ ಹೋಗಬೇಕು, ಪೇಟವಾದರೂ ಹೋಗಬೇಕು. ಇಂಚಿಗೆ 166 ಪಿಕ್ಸೆಲ್ ಆಗುವುದರಿಂದ ಸ್ಪಷ್ಟತೆಯೂ ಸ್ವಲ್ಪ ಇಳಿಯುತ್ತದೆ. ಕೈ ಅಳತೆಯ ದೂರದಿಂದ ನೋಡುವಾಗ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಕತ್ತರಿಸಿದ್ದು ಮಾತ್ರ ಎದ್ದು ಕಾಣುತ್ತದೆ. ಶೀಟ್ ತುಂಬ ಬರಬೇಕಾದ ಫೋಟೋವನ್ನು ತೆಗೆಯುವಾಗಲೇ ಹಾಗೆ ಯೋಚಿಸಿ ತೆಗೆದಿರಬೇಕು: ಅಕ್ಷತೆ ಹಿಡಿದು ಕೈ ಎತ್ತಿದ ಇಡೀ ಛತ್ರ, ಊಟದ ಸಾಲು, ಒಂದೇ ಸಾಲಿನಲ್ಲಿ ಕೂತ ಅತ್ತೆ-ಚಿಕ್ಕಮ್ಮಂದಿರು. ಇಂಥ ನಾಲ್ಕೈದು ಫೋಟೋ ಬೇಕು ಎಂದು ಫೋಟೋಗ್ರಾಫರಿಗೆ ಮದುವೆಗೆ ಮುಂಚೆಯೇ ಹೇಳಿಡಿ.

ನೆಂಟರು ಮೊಬೈಲಿನಲ್ಲಿ ತೆಗೆದ ಒಳ್ಳೆಯ ಫೋಟೋ ಸೇರಿಸುವ ಆಸೆ ಇದ್ದರೆ ವಾಟ್ಸಾಪಿನಲ್ಲಿ ಸುಮ್ನೆ ಫೋಟೋ ಥರ ಕಳಿಸಬೇಡಿ ಎನ್ನಿ. ಮಾಮೂಲಿ ಸೆಟ್ಟಿಂಗಿನಲ್ಲಿ ಅದರ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದುಬಿಡುತ್ತದೆ. ಪ್ರಿಂಟಿನಲ್ಲಿ ಅದು ಐದು ಇಂಚಿಗಿಂತ ದೊಡ್ಡದಾದಷ್ಟೂ ಸ್ಪಷ್ಟತೆ ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲೇ ಬರುತ್ತದೆ.

ಆಯ್ಕೆ ಎಂಬ ನಿಜವಾದ ಕೆಲಸ

ಸಂಜೆ ರಿಸೆಪ್ಷನ್, ಮಾರನೆಯ ಬೆಳಗ್ಗೆ ಮುಹೂರ್ತ. ಅದಕ್ಕೆ ಮೊದಲು ಚಪ್ಪರ, ಅರಿಶಿನ ಶಾಸ್ತ್ರ. ಆಮೇಲೆ ಮನೆ ತುಂಬಿಸಿಕೊಳ್ಳುವುದು, ಬೀಗರೂಟ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಫೋಟೋ ಸಾವಿರಗಟ್ಟಲೆ ಆಗಿರುತ್ತದೆ. 40 ಶೀಟಿಗೆ ಹಿಡಿಯುವುದು 160ರಿಂದ 200. ಶೀಟಿಗೆ ನಾಲ್ಕೈದು ದಾಟಿದರೆ ಯಾವ ಫೋಟೋವೂ ಕಣ್ಣಿಗೆ ನಿಲ್ಲುವುದಿಲ್ಲ. ಇಲ್ಲೇ ಆಲ್ಬಂ ನಿಂತುಬಿಡುತ್ತದೆ. ಫೋಟೋಗ್ರಾಫರ್ ಪೆನ್‌ಡ್ರೈವ್ ಕೊಟ್ಟಿರುತ್ತಾರೆ, ಮನೆಯವರು 'ಈ ಭಾನುವಾರ ಕೂರೋಣ' ಎನ್ನುತ್ತಲೇ ತಿಂಗಳು ಕಳೆಯುತ್ತಾರೆ. ಕೊನೆಗೆ ಬೇಸತ್ತು 'ನೀವೇ ನೋಡಿ ಹಾಕಿಬಿಡಿ' ಎನ್ನುತ್ತಾರೆ. ಡಿಸೈನರಿಗೆ ಚೆನ್ನಾಗಿ ಬಂದ ಫೋಟೋ ಯಾವುದು ಅಂತ ಗೊತ್ತಾಗುತ್ತದೆ. ಮೂಲೆಯಲ್ಲಿ ಕೂತಿರುವವರು ಮದುಮಗಳನ್ನು ಎತ್ತಿ ಬೆಳೆಸಿದ ದೊಡ್ಡಮ್ಮ ಅಂತ ಹೇಗೆ ಗೊತ್ತಾಗಬೇಕು?

ಗಂಡಿನ ಕಡೆಯಿಂದ ಒಬ್ಬರು, ಹೆಣ್ಣಿನ ಕಡೆಯಿಂದ ಒಬ್ಬರು ಕೂತರೆ ಸಾಕು. ಹತ್ತು ಜನ ಸುತ್ತ ಸೇರಿದರೆ ಕೆಲಸ ಸಾಗುವುದಿಲ್ಲ. ಮೊದಲ ಸುತ್ತಿನಲ್ಲಿ ಆರಿಸಲು ಹೋಗಬೇಡಿ, ತೆಗೆದುಹಾಕುತ್ತಾ ಹೋಗಿ. ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಒಂದೇ ಭಂಗಿಯ ಏಳು ಫೋಟೋದಲ್ಲಿ ಆರು. ಅಷ್ಟರಲ್ಲೇ ಮುಕ್ಕಾಲು ಹೊರೆ ಇಳಿಯುತ್ತದೆ. ಎರಡನೇ ಸುತ್ತಿನಲ್ಲಿ ಶಾಸ್ತ್ರದ ಲೆಕ್ಕದಲ್ಲಿ ಗುಂಪು ಮಾಡಿ. ಯಾವುದಕ್ಕೆ ಎಷ್ಟು ಶೀಟ್ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಜಗಳ ಕಡಿಮೆ. 40 ಶೀಟಿನಲ್ಲಿ ಚಪ್ಪರ, ಅರಿಶಿನಕ್ಕೆ 5, ರಿಸೆಪ್ಷನ್‌ಗೆ 9, ಮುಹೂರ್ತಕ್ಕೆ 16, ಗುಂಪು ಫೋಟೋಗಳಿಗೆ 6, ಗಂಡನ ಮನೆಯ ಶಾಸ್ತ್ರಕ್ಕೆ 4 ಎಂದು ಇಟ್ಟುಕೊಂಡು ಶುರು ಮಾಡಬಹುದು. ನಿಮ್ಮ ಪದ್ಧತಿಯಲ್ಲಿ ಯಾವುದಕ್ಕೆ ತೂಕ ಹೆಚ್ಚೋ ಅದಕ್ಕೆ ಹೊಂದಿಸಿಕೊಳ್ಳಿ.

ರಿಸೆಪ್ಷನ್ ವಿಷಯದಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಬೇಕು. ವೇದಿಕೆಯ ಮೇಲೆ ಜೋಡಿ ನಿಂತೇ ಇರುತ್ತದೆ, ಪಕ್ಕದಲ್ಲಿ ಜನ ಬದಲಾಗುತ್ತಾ ಹೋಗುತ್ತಾರೆ. ಹಿನ್ನೆಲೆ ಅದೇ, ನಗುವೂ ಅದೇ. ಆದರೂ ಬಂದವರೆಲ್ಲ ಇರಬೇಕು, ಇಲ್ಲದಿದ್ದರೆ 'ನಮ್ಮ ಫೋಟೋನೇ ಹಾಕಿಸಿಲ್ಲ' ಎಂಬ ಮಾತು ಬರುತ್ತದೆ ಅಲ್ವಾ? ಆ ಬೇಸರ ನಿಜವಾದದ್ದೇ. ಅಂಥ ಫೋಟೋಗಳಿಗೆಂದು ಮೂರು ನಾಲ್ಕು ಶೀಟ್ ಮೀಸಲಿಟ್ಟು, ಸಮನಾದ ಚಿಕ್ಕ ಚೌಕಗಳಲ್ಲಿ ಅಂದವಾಗಿ ಕೂರಿಸಿ. ಮುಹೂರ್ತದ ಜಾಗವನ್ನು ಅವು ತಿನ್ನಬಾರದು. ತೀರಾ ಹತ್ತಿರದವರ ಪಟ್ಟಿಯನ್ನು ಮದುವೆಗೆ ಮುಂಚೆಯೇ ಬರೆದಿಡಿ. ಛತ್ರದಲ್ಲಿ ಅವರನ್ನು ಹುಡುಕಿ ಗುಂಪು ಫೋಟೋಗೆ ಕರೆತರಲು ಮನೆಯ ಒಬ್ಬ ಚುರುಕಾದ ಹುಡುಗನಿಗೋ ಹುಡುಗಿಗೋ ಒಪ್ಪಿಸಿ. ಫೋಟೋಗ್ರಾಫರಿಗೆ ನಿಮ್ಮ ಸೋದರಮಾವ ಯಾರು ಅಂತ ಗೊತ್ತಿರುವುದಿಲ್ಲ.

ಒಂದು ಶೀಟ್ ಹೇಗೆ ಕೂರುತ್ತದೆ

ಮಾಂಗಲ್ಯ ಧಾರಣೆಯ ಶೀಟನ್ನೇ ತೆಗೆದುಕೊಳ್ಳೋಣ. ಅಂತರಪಟ ಇಳಿದು, ಜೀರಿಗೆ-ಬೆಲ್ಲ ಇಟ್ಟು, ಹಾರ ಹಾಕಿ, ಧಾರೆ ಆಗಿರುತ್ತದೆ. ತಟ್ಟೆಯಲ್ಲಿಟ್ಟ ತಾಳಿ ಹಿರಿಯರ ಕೈ ಮುಟ್ಟುತ್ತಾ ಬರುತ್ತದೆ. ಗಟ್ಟಿಮೇಳ ಶುರುವಾಗುತ್ತದೆ. ವರ ಕೈ ಚಾಚಿ ಬಾಗುತ್ತಾನೆ, ಎಲ್ಲ ಕಡೆಯಿಂದ ಅಕ್ಷತೆ ಬೀಳುತ್ತದೆ. ನಡೆಯುವುದು ಕೆಲವೇ ಕ್ಷಣ. ಎಲ್ಲವೂ ಸರಿಯಾಗಿ ಬಂದಿದ್ದರೆ ಕೈಯಲ್ಲಿ ಹತ್ತಾರು ಫೋಟೋ ಇರುತ್ತವೆ, ಶೀಟಿಗೆ ಬೇಕಾದ್ದು ನಾಲ್ಕು.

ಬಲಗಡೆಯ ಪುಟಕ್ಕೆ ತಾಳಿ ಕಟ್ಟುವ ಒಂದು ಫೋಟೋ, ಪುಟ ತುಂಬ. ಎಡಗಡೆ ಮೂರು ಚಿಕ್ಕವು: ತಾಳಿ ಮುಟ್ಟುತ್ತಿರುವ ಅಜ್ಜಿಯ ಕೈ, ಗಾಳಿಯಲ್ಲಿರುವ ಅಕ್ಷತೆ, ಮಗಳನ್ನು ನೋಡುತ್ತಿರುವ ಅಪ್ಪನ ಮುಖ. ಸುತ್ತ ಖಾಲಿ ಜಾಗ ಬಿಡಿ. ನೋಡುವವರ ಕಣ್ಣು ಮೊದಲು ದೊಡ್ಡ ಫೋಟೋಗೆ ಹೋಗಿ, ಆಮೇಲೆ ಎಡಕ್ಕೆ ಬಂದು ಒಂದೊಂದೇ ನೋಡುತ್ತದೆ. ನಾಲ್ಕೂ ಒಂದೇ ಅಳತೆಯಲ್ಲಿದ್ದರೆ ಹೀಗಾಗುವುದಿಲ್ಲ, ಕಣ್ಣು ಎಲ್ಲೂ ನಿಲ್ಲದೆ ಪುಟ ತಿರುವಿಬಿಡುತ್ತದೆ.

ಈ ಫೋಟೋವನ್ನು ಶೀಟಿನ ನಡುವೆ ಇಟ್ಟರೆ ಏನಾಗುತ್ತದೆ? ಶೀಟ್ ಮಡಚುವುದು ನಟ್ಟನಡುವೆ, 18ನೇ ಇಂಚಿನಲ್ಲಿ. ತಾಳಿ ಕಟ್ಟುವಾಗ ಇಬ್ಬರ ಮುಖವೂ ಹತ್ತಿರ ಹತ್ತಿರ ಇರುತ್ತದೆ. ಮಡಿಕೆ ಒಬ್ಬರ ಮೂಗಿನ ಮೇಲೋ ಕಣ್ಣಿನ ಮೇಲೋ ಬಂದೇ ಬರುತ್ತದೆ. ಕಂಪ್ಯೂಟರಿನಲ್ಲಿ ಡಿಸೈನ್ ನೋಡುವಾಗ ಆ ಗೆರೆ ಕಾಣುವುದಿಲ್ಲ, ಆದ್ದರಿಂದ ಒಪ್ಪಿಗೆ ಕೊಟ್ಟುಬಿಡುತ್ತೇವೆ. ಡಿಸೈನ್ ನೋಡುವಾಗ ನಡುವೆ ಒಂದು ಸ್ಕೇಲನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಹಿಡಿದು ನೋಡಿ. ಮಡಿಕೆಯಿಂದ ಎರಡೂ ಕಡೆ ಒಂದೊಂದು ಇಂಚಿನೊಳಗೆ ಮುಖ ಇರಬಾರದು. ಹೊರ ಅಂಚಿನಲ್ಲೂ ಅರ್ಧ ಇಂಚು ಬಿಡಬೇಕು, ಬೈಂಡಿಂಗ್ ಆದಮೇಲೆ ಅಲ್ಲಿ ಕಟಿಂಗ್ ಬೀಳುತ್ತದೆ.

ಮುಖ ಯಾವ ಕಡೆ ತಿರುಗಿದೆ ಎಂಬುದನ್ನೂ ನೋಡಬೇಕು. ಎಡಕ್ಕೆ ನೋಡುತ್ತಿರುವವರು ಬಲ ಪುಟದಲ್ಲಿರಲಿ. ಆಗ ಅವರು ಆಲ್ಬಂನ ಒಳಗೆ ನೋಡಿದಂತಾಗುತ್ತದೆ. ಉಲ್ಟಾ ಇಟ್ಟರೆ ಹೊರಗೆ ಯಾರನ್ನೋ ಕಾಯುತ್ತಿರುವಂತೆ ಕಾಣುತ್ತದೆ. ಹಾಗಂತ ಹೊಂದಿಸುವುದಕ್ಕೆ ಫೋಟೋವನ್ನು ಕನ್ನಡಿಯಂತೆ ತಿರುಗಿಸಬಾರದು. ಸೀರೆಯ ಸೆರಗು ಬಲ ಹೆಗಲಿಗೆ ಬರುತ್ತದೆ, ಬಲಗೈ ಎಡಗೈ ಆಗುತ್ತದೆ. ಶಾಸ್ತ್ರ ಬಲ್ಲವರು ನೋಡಿದ ಕೂಡಲೇ ಹಿಡಿಯುತ್ತಾರೆ.

ರೆಡಿ ಟೆಂಪ್ಲೇಟುಗಳ ಬಗ್ಗೆ ಒಂದು ಮಾತು. ಹಿನ್ನೆಲೆಯಲ್ಲಿ ಗುಲಾಬಿ, ಚಿಟ್ಟೆ, ಯಾವುದೋ ಊರಿನ ಅರಮನೆ, ಮೇಲೆ ಇಂಗ್ಲಿಷಿನಲ್ಲಿ ಪ್ರೀತಿಯ ಸಾಲು. ಡಿಸೈನರಿಗೆ ಅದು ಬೇಗ ಮುಗಿಯುವ ದಾರಿ, ಕಡಿಮೆ ದರಕ್ಕೆ ಅಷ್ಟೇ ಸಾಧ್ಯ ಎಂಬುದೂ ಒಪ್ಪುವ ಮಾತೇ. ಆದರೆ ನಿಮ್ಮ ಮದುವೆಯ ಮಂಟಪದಲ್ಲೇ ಬಾಳೆಕಂಬ, ಮಾವಿನ ತೋರಣ, ಸೇವಂತಿಗೆ ಇತ್ತಲ್ಲ? ಹಿನ್ನೆಲೆಗೆ ಅಲಂಕಾರ ಬೇಕೇ ಬೇಕು ಎನಿಸಿದರೆ ಅದರದ್ದೇ ಒಂದು ಫೋಟೋ ಮಸುಕು ಮಾಡಿ ಹಾಕಲಿ. ನನ್ನ ಕೇಳಿದರೆ ತೆಳು ಕೆನೆಬಣ್ಣವೋ ಬಿಳಿಯೋ ಸಾಕು. ವರ್ಷ ಕಳೆದರೂ ಹಳತೆನಿಸುವುದಿಲ್ಲ.

ಅಕ್ಷರದ ವಿಷಯದಲ್ಲಿ ಕನ್ನಡಕ್ಕೆ ಬೇರೆಯದೇ ಒಂದು ಕಾಟ ಇದೆ. ಫೋಟೋಶಾಪಿನಲ್ಲಿ ಭಾರತೀಯ ಲಿಪಿಗೆ ಬೇಕಾದ ಸೆಟ್ಟಿಂಗ್ ಹಾಕಿರದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. 'ಲಕ್ಷ್ಮಿ' ಹೋಗಿ 'ಲಕ್‌ಷ್‌ಮಿ' ಆಗುತ್ತದೆ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಹೊಡೆದದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳು ಕಾಣುತ್ತವೆ. ಕನ್ನಡ ಓದಲು ಬಾರದ ಡಿಸೈನರಿಗೆ ಇದು ತಪ್ಪು ಎಂದು ತಿಳಿಯುವುದೂ ಇಲ್ಲ. ಹೆಸರುಗಳನ್ನು ಲಗ್ನಪತ್ರಿಕೆ ಇಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ಮುಖಪುಟದಲ್ಲಿ ಹೆಸರು ತಪ್ಪಿದರೆ ಆಲ್ಬಂ ಇರುವವರೆಗೂ ತಪ್ಪೇ.

ಬಣ್ಣ

ಈಗಿನ ಛತ್ರಗಳಲ್ಲಿ ಬೆಳಕು ನಾಲ್ಕು ಥರ ಇರುತ್ತದೆ. ಹಿಂದೆ ನೇರಳೆ, ಗುಲಾಬಿ ಎಲ್‌ಇಡಿ, ಮೇಲೆ ಹಳದಿ ಬಲ್ಬು, ವಿಡಿಯೋದವರ ಬಿಳಿ ಲೈಟು, ಕಿಟಕಿಯಿಂದ ಬರುವ ಹಗಲು. ನಾಲ್ಕೂ ಒಂದೇ ಮುಖದ ಮೇಲೆ ಬೀಳುತ್ತವೆ. ಅರಿಶಿನ ಶಾಸ್ತ್ರದಲ್ಲಿ ಬಟ್ಟೆಯ ಹಳದಿಯೇ ಪ್ರತಿಫಲಿಸಿ ಗಲ್ಲ, ಕತ್ತು ಹಳದಿಯಾಗಿರುತ್ತದೆ. ಇದನ್ನೆಲ್ಲ ಸರಿಮಾಡುವುದೇ ಕಲರ್ ಕರೆಕ್ಷನ್. ಸರಿಯಾಗಿದೆಯಾ ಎಂದು ನೋಡಲು ಒಂದು ಸುಲಭದ ದಾರಿ ಇದೆ. ಮದುಮಗಳ ಮುಡಿಯ ಮಲ್ಲಿಗೆ ನೋಡಿ, ಮದುಮಗನ ಬಿಳಿ ಪಂಚೆ ನೋಡಿ. ಅವು ಬಿಳಿಯಾಗಿದ್ದರೆ ಮೈಬಣ್ಣವೂ ಹೆಚ್ಚುಕಡಿಮೆ ಸರಿ. ಮಲ್ಲಿಗೆ ನೀಲಿಗೋ ಗುಲಾಬಿಗೋ ತಿರುಗಿದ್ದರೆ ಇನ್ನೂ ಕೆಲಸ ಬಾಕಿ ಇದೆ.

ಕೆಂಪು ರೇಷ್ಮೆ ಸೀರೆಯನ್ನೂ ಹತ್ತಿರದಿಂದ ನೋಡಿ. ಬಣ್ಣ ಜೋರಾಗಲಿ ಎಂದು ಎಳೆದಾಗ ಮೊದಲು ಹೋಗುವುದು ಕೆಂಪಿನ ವಿವರ. ನೆರಿಗೆ, ಬುಟ್ಟಾ ಎಲ್ಲ ಕರಗಿ ಒಂದೇ ಚಪ್ಪಟೆ ಕೆಂಪು ಉಳಿಯುತ್ತದೆ. ಜರಿಯೂ ಹಾಗೇ, ಬೆಳಕು ಜಾಸ್ತಿಯಾದರೆ ಚಿನ್ನದ ಬದಲು ಬಿಳಿ ಪಟ್ಟಿ ಕಾಣುತ್ತದೆ. ನೆರಿಗೆ ಎಣಿಸುವಷ್ಟು ಕಾಣಬೇಕು.

ಮುಖವನ್ನು ಬೆಳ್ಳಗೆ ಮಾಡುವ ಚಾಳಿಯನ್ನು ಮಾತ್ರ ದಯವಿಟ್ಟು ಬಿಡಿಸಿ. ಕೇಳದೇ ಇದ್ದರೂ ಕೆಲವು ಕಡೆ ಮಾಡಿಬಿಡುತ್ತಾರೆ. ಚರ್ಮದ ರಚನೆಯೆಲ್ಲ ಒರೆಸಿ, ಮೈಬಣ್ಣ ಎರಡು ಮೂರು ಹಂತ ತಿಳಿ ಮಾಡಿರುತ್ತಾರೆ. ಕುತ್ತಿಗೆಗೂ ಮುಖಕ್ಕೂ ಸಂಬಂಧ ಇರುವುದಿಲ್ಲ. ಅಪ್ಪನದೇ ಬಣ್ಣ, ಅಜ್ಜಿಯದೇ ಗಲ್ಲ ಹೊತ್ತ ಮಗಳು ಅವರ ಪಕ್ಕದಲ್ಲೇ ಬೇರೆ ಯಾರೋ ಆಗಿ ನಿಲ್ಲುತ್ತಾಳೆ. ಮೊಡವೆಯ ಕಲೆ ತೆಗೆಯಲಿ, ಬೆವರಿನ ಹೊಳಪು ತಗ್ಗಿಸಲಿ. ಅಲ್ಲಿಗೆ ಸಾಕು ಎಂದು ಬಾಯಿಬಿಟ್ಟು ಹೇಳಿ.

ಇನ್ನೊಂದು, ಎಲ್ಲರಿಗೂ ಆಗುವ ನಿರಾಸೆ: 'ಮೊಬೈಲಿನಲ್ಲಿ ಚೆನ್ನಾಗಿತ್ತು, ಪ್ರಿಂಟ್ ಕಪ್ಪಾಗಿದೆ.' ಪರದೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಅಷ್ಟೇ. ಬ್ರೈಟ್‌ನೆಸ್ ಪೂರ್ತಿ ಏರಿಸಿದ ಮೊಬೈಲಿನಲ್ಲಿ ನೋಡಿ ಒಪ್ಪಿದರೆ ಪ್ರಿಂಟ್ ಮಂಕಾಗಿ ಬರುವುದು ಖಂಡಿತ. ಡಿಸೈನರ್ ಹತ್ತಿರ ಬಣ್ಣ ಹೊಂದಿಸಿದ ಮಾನಿಟರ್ ಇರಬೇಕು, ಫೈಲು ಪ್ರಿಂಟ್ ಹಾಕುವ ಲ್ಯಾಬ್ ಕೇಳಿದ ಕಲರ್ ಪ್ರೊಫೈಲಿನಲ್ಲಿ (ಬಣ್ಣವನ್ನು ಹೇಗೆ ಓದಬೇಕು ಎಂದು ಯಂತ್ರಕ್ಕೆ ತಿಳಿಸುವ ಗುರುತು) ಹೋಗಬೇಕು. ಬಹುತೇಕ ಲ್ಯಾಬುಗಳು ಎಸ್‌ಆರ್‌ಜಿಬಿ (sRGB) ಎಂಬ ಪ್ರೊಫೈಲ್ ಕೇಳುತ್ತವೆ. ಎಲ್ಲಕ್ಕಿಂತ ದೊಡ್ಡ ಭರವಸೆ ಎಂದರೆ ಪೂರ್ತಿ ಆಲ್ಬಂಗೆ ಮುಂಚೆ ಒಂದೆರಡು ಶೀಟ್ ಅದೇ ಲ್ಯಾಬಿನಲ್ಲಿ, ಅದೇ ಕಾಗದದಲ್ಲಿ ಟೆಸ್ಟ್ ಪ್ರಿಂಟ್ ತೆಗೆಸುವುದು. ಸಂಜೆ ರಿಸೆಪ್ಷನ್ನಿನದು ಒಂದು, ಬೆಳಗಿನ ಧಾರೆಯದು ಒಂದು. ಹಗಲಿನಲ್ಲಿ ಕಿಟಕಿ ಪಕ್ಕ ಹಿಡಿದು ನೋಡಿ.

ಕಾಗದ, ಲ್ಯಾಮಿನೇಷನ್, ಬೈಂಡಿಂಗ್

ಒಟ್ಟಿನಲ್ಲಿ ಎರಡು ಜಾತಿಯ ಪ್ರಿಂಟ್ ಸಿಗುತ್ತದೆ. ಒಂದು, ಸಿಲ್ವರ್ ಹ್ಯಾಲೈಡ್ ಎಂಬ ನಿಜವಾದ ಫೋಟೋ ಕಾಗದ. ಇದರ ಮೇಲೆ ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣದ ಲೇಪ ಇರುತ್ತದೆ. ಯಂತ್ರ ನಿಮ್ಮ ಫೈಲನ್ನು ಲೇಸರ್ ಅಥವಾ ಎಲ್‌ಇಡಿ ಬೆಳಕಿನಿಂದ ಕಾಗದದ ಮೇಲೆ ಮೂಡಿಸುತ್ತದೆ. ಆಮೇಲೆ ಕಾಗದ ರಾಸಾಯನಿಕಗಳಲ್ಲಿ ಹಾದು ಬರುವಾಗ ಬಣ್ಣ ಹುಟ್ಟುತ್ತದೆ, ಬೆಳ್ಳಿ ತೊಳೆದುಹೋಗುತ್ತದೆ. ಇಂಕಿನ ಚುಕ್ಕೆಗಳಿಲ್ಲದ ಕಾರಣ ಗಲ್ಲದ ಬೆಳಕು ನೆರಳಿಗೆ ಇಳಿಯುವುದು ತೀರಾ ನಯವಾಗಿರುತ್ತದೆ. ಇನ್ನೊಂದು, ಡಿಜಿಟಲ್ ಪ್ರೆಸ್ ಅಥವಾ ಇಂಕ್‌ಜೆಟ್ ಪ್ರಿಂಟ್. ಪ್ರೆಸ್ ಪ್ರಿಂಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕೆಗಳು ಕಾಣುತ್ತವೆ. ಈ ಜಾತಿಯಲ್ಲೇ ಸಿಗುವ, ಎನ್‌ಟಿ ಶೀಟ್ ಎಂದು ಕರೆಯುವ ಹರಿಯದ ಹಾಳೆಯ ತಳ ಪ್ಲಾಸ್ಟಿಕ್. ಒರಟಾಗಿ ತಿರುವಿದರೂ ತಡೆಯುತ್ತದೆ. ಮೈಬಣ್ಣಕ್ಕೆ ನನ್ನ ಮತ ಫೋಟೋ ಕಾಗದಕ್ಕೆ. ಮನೆಯಲ್ಲಿ ಮಕ್ಕಳು ಜಾಸ್ತಿ, ಆಲ್ಬಂ ಎಲ್ಲರ ಕೈಗೂ ಹೋಗುತ್ತದೆ ಎಂದರೆ ಎನ್‌ಟಿ ತಪ್ಪಲ್ಲ. ತಪ್ಪಾಗುವುದು ಒಂದರ ದರಕ್ಕೆ ಇನ್ನೊಂದು ಕೊಟ್ಟಾಗ. ಆದ್ದರಿಂದ ಕಾಗದದ ಹೆಸರು ಬಿಲ್ಲಿನಲ್ಲಿರಲಿ.

ಲ್ಯಾಮಿನೇಷನ್ ಗ್ಲಾಸಿ ಆದರೆ ಬಣ್ಣ ಎದ್ದು ಕಾಣುತ್ತದೆ, ಜೊತೆಗೆ ಟ್ಯೂಬ್‌ಲೈಟೂ ಬೆರಳಚ್ಚೂ ಕಾಣುತ್ತವೆ. ಮ್ಯಾಟ್ ಆದರೆ ಕಪ್ಪು ಸ್ವಲ್ಪ ತಿಳಿಯಾಗುತ್ತದೆ, ನೋಡಲು ಹಿತ. ಮನೆಯ ದೀಪದಲ್ಲಿ ನಾಲ್ಕು ಜನ ಸುತ್ತ ಕೂತು ನೋಡುವ ವಸ್ತುವಿಗೆ ಮ್ಯಾಟೇ ಸರಿ.

ಬೈಂಡಿಂಗಿನಲ್ಲಿ ಪ್ರತಿ ಶೀಟನ್ನು ನಡುವೆ ಮಡಚಿ, ಒಂದರ ಬೆನ್ನಿಗೆ ಇನ್ನೊಂದರ ಬೆನ್ನು ಅಂಟಿಸುತ್ತಾ ಹೋಗುತ್ತಾರೆ, ಮಧ್ಯೆ ದಪ್ಪಕ್ಕೆ ಹಲಗೆಯಂಥ ಹಾಳೆ ಇರುತ್ತದೆ. ಅದಕ್ಕೇ ಈ ಆಲ್ಬಂ ಪೂರ್ತಿ ಚಪ್ಪಟೆ ಬಿಚ್ಚಿಕೊಳ್ಳುತ್ತದೆ. ಆಲ್ಬಂ ಕೈಗೆ ಬಂದ ದಿನವೇ ಪ್ರತಿ ಶೀಟ್ ಬಿಚ್ಚಿ ನೋಡಿ. ಮಡಿಕೆಯಲ್ಲಿ ಬಿಳಿ ಬಿರುಕು ಬಿಟ್ಟಿದೆಯಾ (ಗಾಢ ಬಣ್ಣದ ಶೀಟಿನಲ್ಲಿ ಇದು ಬೇಗ ಕಾಣುತ್ತದೆ), ಲ್ಯಾಮಿನೇಷನ್ ಒಳಗೆ ಗಾಳಿಗುಳ್ಳೆ ಇದೆಯಾ, ಕಟಿಂಗ್ ಓರೆಯಾಗಿದೆಯಾ, ಶೀಟ್ ಹಿಂದುಮುಂದಾಗಿದೆಯಾ, ಒಂದೇ ಸೀರೆ ಎರಡು ಶೀಟಿನಲ್ಲಿ ಎರಡು ಬಣ್ಣದಲ್ಲಿದೆಯಾ. ಸ್ಟುಡಿಯೋದಲ್ಲೇ ಕೂತು ನೋಡಿದರೆ ಇನ್ನೂ ಒಳ್ಳೆಯದು. ತಿಂಗಳು ಬಿಟ್ಟು ಹೋದರೆ ಅದು ಯಾರ ತಪ್ಪು ಎಂಬ ಮಾತೇ ದೊಡ್ಡದಾಗುತ್ತದೆ.

ಇಟ್ಟುಕೊಳ್ಳುವುದು

ನಿಮ್ಮ ಮನೆಯಲ್ಲೂ ಅಜ್ಜ-ಅಜ್ಜಿಯ ಕಪ್ಪು-ಬಿಳುಪು ಮದುವೆ ಫೋಟೋ ಇನ್ನೂ ಗಟ್ಟಿಯಾಗಿದ್ದು, ಅಪ್ಪ-ಅಮ್ಮನ ಕಲರ್ ಫೋಟೋ ಕೆಂಪಗೆ ತಿರುಗಿರಬಹುದು. ಕಪ್ಪು-ಬಿಳುಪಿನಲ್ಲಿ ಚಿತ್ರ ನಿಲ್ಲುವುದು ಬೆಳ್ಳಿಯ ಕಣದಿಂದ, ಕಲರ್ ಪ್ರಿಂಟಿನಲ್ಲಿ ನಿಲ್ಲುವುದು ಬಣ್ಣದಿಂದ. ಬಣ್ಣ ಬೆಳಕಿಗೆ, ಬಿಸಿಗೆ, ತೇವಕ್ಕೆ ಮಾಸುತ್ತದೆ. ಈಗಿನ ಕಾಗದಗಳು ಹಳೆಯವಕ್ಕಿಂತ ಎಷ್ಟೋ ಮೇಲು, ಆದರೂ ಆಲ್ಬಂ ಬಿಸಿಲು ಬೀಳುವ ಶೋಕೇಸಿನಲ್ಲಿ ಬೇಡ. ಭಾರ ಇರುವುದರಿಂದ ನಿಲ್ಲಿಸದೆ ಮಲಗಿಸಿಡಿ, ನಿಲ್ಲಿಸಿದರೆ ಬೈಂಡಿಂಗ್ ಜಗ್ಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬಾರದು, ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಾಕ್ಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆ ಹೊರಟ ಮೇಲೆ ಒಮ್ಮೆ ಬಿಚ್ಚಿ ಗಾಳಿ ಆಡಿಸಿ.

ಆರಿಸಿದ ಫೋಟೋಗಳ ಜೊತೆಗೆ ಡಿಸೈನ್ ಆದ ಶೀಟುಗಳ ಪೂರ್ತಿ ಅಳತೆಯ ಫೈಲುಗಳನ್ನೂ ಸ್ಟುಡಿಯೋದಿಂದ ಕೇಳಿ ಪಡೆಯಿರಿ. ಇದನ್ನೂ ಮೊದಲ ಮಾತುಕತೆಯಲ್ಲೇ ಸೇರಿಸಿರಬೇಕು, ಸ್ಟುಡಿಯೋದವರು ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಪೆನ್‌ಡ್ರೈವ್ ನಂಬಬೇಡಿ. ಒಂದು ಪ್ರತಿ ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ, ಒಂದು ತವರುಮನೆಯ ಹಾರ್ಡ್‌ಡಿಸ್ಕಿನಲ್ಲಿ, ಒಂದು ಕ್ಲೌಡಿನಲ್ಲಿ ಇರಲಿ. ಅದೇ ಫೋಲ್ಡರಿನಲ್ಲಿ ಗುಂಪು ಫೋಟೋಗಳಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ, ಸಂಬಂಧದ ಸಮೇತ ಬರೆದಿಡಿ. ಸಾಧ್ಯವಾದರೆ ಆಲ್ಬಂನ ಕೊನೆಯ ಶೀಟಿನಲ್ಲೇ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿಸಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಹೆಸರು ಕೇಳಿ ತಿಳಿಯಲು ಈಗ ಒಂದು ಫೋನ್ ಸಾಕು.